ಹಿಮದ ಮೇಲೆ ಸುರಿದ ಮಳೆ

ಕೇದಾರನಾಥದ ಪ್ರಧಾನ ಅರ್ಚಕರೆನಿಸಿದ ರಾವಲರು ಕನ್ನಡನಾಡಿನ ವೀರಶೈವರೊಳಗಿಂದ ಬರುವ ಸಂಪ್ರದಾಯವು ಹಿಂದಿನಿಂದಲೂ ನಡೆದು ಬಂದಿರುವುದರಿಂದ, ಸಮುದ್ರಮಟ್ಟದಿಂದ ಸುಮಾರು 3,580 ಮೀಟರು ಎತ್ತರದಲ್ಲಿರುವ ಆ ಗಿರಿಕ್ಷೇತ್ರವು ನಮ್ಮವರಿಗೆ ಎಂದೂ ಪರಸ್ಥಳವೆನಿಸಿದುದಿಲ್ಲ. 2013ರ ಜೂನ್ ತಿಂಗಳಿನಲ್ಲಿ ಅಲ್ಲಿಯ ಮಂದಾಕಿನೀ ನದಿಯು ಉಕ್ಕಿ ಸಹಸ್ರಾರು ಯಾತ್ರಿಕರನ್ನೂ ಗ್ರಾಮವಾಸಿಗಳನ್ನೂ ಕೊಚ್ಚಿಕೊಂಡು ಹೋದಾಗ, ಇಲ್ಲಿಯ ಎಷ್ಟೋ ಮನೆಗಳವರು ಯಾತ್ರೆಗೆ ಹೋದ ತಮ್ಮವರ ಸುದ್ದಿಗಾಗಿ ಕಾತರಿಸಿ ಕುಳಿತಿದ್ದರು. ಅಂದು ಜನರು ಮಳೆಯನ್ನು ದೂಷಿಸಿದರು. ಆದರೆ ಅಪರಾಧವು ಮಳೆಯೊಂದರದೇ ಅಲ್ಲ.

ಆ ವರುಷ ಮುಂಗಾರು ವಾಡಿಕೆಗಿಂತ ಒಂದು ತಿಂಗಳು ಮೊದಲೇ, ಜೂನ್ 16ರ ಹೊತ್ತಿಗೆ, ದೇಶವನ್ನೆಲ್ಲ ವ್ಯಾಪಿಸಿತು. ಪಶ್ಚಿಮದಿಂದ ಬಂದ ವಾಯುಕ್ಷೋಭೆಯೊಂದು ಅದನ್ನು ಹಿಮಾಲಯದಲ್ಲಿ ಸಂಧಿಸಿತು. ಕೇದಾರದ ಮೇಲಣ ಚೋರಾಬಾರಿ ಹಿಮನದಿಯ ಬಳಿ ವಾಡಿಯಾ ಭೂವಿಜ್ಞಾನ ಸಂಸ್ಥೆಯವರು ಇರಿಸಿದ್ದ ಮಳೆಮಾಪಕದಲ್ಲಿ 15ರ ಸಂಜೆಯಿಂದ 16ರ ಸಂಜೆಯವರೆಗೆ 325 ಮಿಲಿಮೀಟರು ಮಳೆ ದಾಖಲಾಯಿತು. ಆ ಮಳೆ ಬಿದ್ದ ಇಳಿಜಾರುಗಳಲ್ಲಿ ಹಿಮವಿನ್ನೂ ಉಳಿದಿದ್ದಿತು.

ಮಳೆನೀರಿನ ಶಾಖವೇ ಹಿಮವನ್ನು ಕರಗಿಸುವುದೆಂದು ಭಾವಿಸುವುದು ಸಹಜ. ಲೆಕ್ಕವಿಟ್ಟು ನೋಡಿದರೆ ಅದು ಅಲ್ಪವೇ ಸರಿ. ಒಂದು ಗ್ರಾಂ ಹಿಮ ಕರಗಲು 80 ಕ್ಯಾಲೊರಿ ಶಾಖ ಬೇಕು. 10 ಡಿಗ್ರಿಯ ಒಂದು ಗ್ರಾಂ ಮಳೆನೀರು ತಣಿದು ಕೊಡಬಲ್ಲದು ಹತ್ತೇ ಕ್ಯಾಲೊರಿ. ನಿಜವಾದ ಕೆಲಸ ಮಾಡುವುದು ಮಳೆಯ ಜೊತೆಗೆ ಬರುವ ಬೆಚ್ಚನೆಯ, ತೇವದಿಂದ ತುಂಬಿದ ಗಾಳಿ: ಅದರೊಳಗಿನ ಆವಿಯು ಹಿಮದ ಮೈಯನ್ನು ಸೋಕಿ ಹನಿಗಟ್ಟುವಾಗ ಗ್ರಾಮೊಂದಕ್ಕೆ ಸುಮಾರು 600 ಕ್ಯಾಲೊರಿ ಶಾಖವನ್ನು ಬಿಟ್ಟುಕೊಡುತ್ತದೆ, ಅಷ್ಟರಿಂದ ಏಳು ಗ್ರಾಮಿಗೂ ಮಿಕ್ಕ ಹಿಮ ಕರಗುತ್ತದೆ. ಹೀಗೆ ತಿಂಗಳುಗಟ್ಟಲೆ ಕೂಡಿಬಿದ್ದಿದ್ದ ನೀರು ಅಂದಿನ ಮಳೆಯನ್ನು ಕೂಡಿಕೊಂಡು, ಇನ್ನೊಂದು ಹನಿಯನ್ನೂ ಹೀರಲಾರದಷ್ಟು ನೆನೆದ ನೆಲದ ಮೇಲೆ ಇಳಿದು ಬರುತ್ತದೆ.

16ರ ಸಂಜೆಯೇ ಪ್ರವಾಹವು ಊರಿನೊಳಕ್ಕೆ ನುಗ್ಗಿತು. ಅದಕ್ಕಿಂತ ಘೋರವಾದುದು ಮರುದಿನದ ಮುಂಜಾವಿಗೆ ಕಾದಿದ್ದಿತು. ಊರಿಗೆ ಸುಮಾರು ಎರಡು ಕಿಲೋಮೀಟರು ಮೇಲೆ, ಹಿಮನದಿಯು ತಂದೊಟ್ಟಿದ ಕಲ್ಲುಮಣ್ಣಿನ ದಿಣ್ಣೆಯ ಹಿಂದೆ ಚೋರಾಬಾರಿ ಸರೋವರವಿದ್ದಿತು. 1948ರಲ್ಲಿ ಮಹಾತ್ಮರ ಚಿತಾಭಸ್ಮದ ಒಂದಂಶವನ್ನು ಅಲ್ಲಿ ವಿಸರ್ಜಿಸಿದುದರಿಂದ ಅದಕ್ಕೆ ಗಾಂಧಿ ಸರೋವರವೆಂದೂ ಹೆಸರು. ಹೊರಹರಿವಿಗೆ ಕೋಡಿಯಿಲ್ಲದ ಆ ಸರೋವರದ ನೀರು ತಳದ ಕಿರುಸಂದುಗಳಲ್ಲಿ ಜಿನುಗಿ ಹೋಗುತ್ತಿದ್ದಿತಷ್ಟೆ. ಮಳೆ, ಹಿಮ ಎರಡರ ನೀರೂ ಒಮ್ಮೆಗೇ ತುಂಬಲು, 17ರ ಬೆಳಿಗ್ಗೆ ಏಳು ಗಂಟೆಗೆ ಕೆಲವು ನಿಮಿಷ ಮುಂಚೆ ದಿಣ್ಣೆ ಒಡೆದು, ಹತ್ತು ನಿಮಿಷಗಳೊಳಗೆ ಸರೋವರ ಬರಿದಾಯಿತು. ದೇವಾಲಯದ ಹಿಂದೆ ಬಂದು ನಿಂತ ಹೆಬ್ಬಂಡೆಯೊಂದು ನೀರನ್ನು ಇಬ್ಬದಿಗೆ ಸೀಳಿದುದರಿಂದ ಗುಡಿ ಉಳಿಯಿತು. ಕೆಳಗಣ ರಾಮಬಾಡಾ ಊರು ಅಳಿಯಿತು.

ಮಂದಾಕಿನೀ ಸರಸ್ವತಿಗಳ ನಡುವಣ ಆ ಬಯಲು ನದಿಗಳೇ ಹಾಸಿದ ನೆಲ. ಅಲ್ಲಿ ಯಾತ್ರಿಕರ ಅನುಕೂಲಕ್ಕೆಂದು ಮನೆಯ ಮೇಲೆ ಮನೆ ಕಟ್ಟಿದುದು ತಪ್ಪೆಂದೇ ನಾನು ಹೇಳುವೆನು. ಮುನ್ನೆಚ್ಚರಿಕೆ ಕೊಡುವವರು ಕೆಳಗಿನ ಹೊಳೆಯ ಮಟ್ಟವನ್ನಷ್ಟೇ ಅಳೆದರೆ ಸಾಲದು, ಮೇಲಣ ಹಿಮವನ್ನೂ ಸರೋವರಗಳನ್ನೂ ದಿನದಿನವೂ ನೋಡುತ್ತಿರಬೇಕು. ಕೇದಾರಕ್ಕೆ ಹೊರಟಿರುವ ಬಂಧುಗಳೇ, ಮಲೆಯ ಮೇಲೆ ಬಿಡದೆ ಮಳೆ ಹಿಡಿದಿದೆಯೆಂದು ತಿಳಿದರೆ ದರ್ಶನವನ್ನು ಮುಂದಕ್ಕೆ ಹಾಕಿ. ಹೊಳೆಯ ದಂಡೆಯಲ್ಲಿ ಮಾತ್ರ ರಾತ್ರಿ ತಂಗಬೇಡಿ.