ಕೇಪಳದ ಎಲೆ ನಂಜನಗೂಡಲ್ಲಿ ಯಾಕೆ ಹಳದಿ ಆಗುತ್ತೆ?

ಉಡುಪಿ, ಮಂಗಳೂರು ಕಡೆ ಹೋದವರು ಬರುವಾಗ ಒಂದು ಗಿಡ ತರೋದು ನಮ್ಮ ನಂಜನಗೂಡು, ತಿ. ನರಸೀಪುರದ ಮನೆಗಳಲ್ಲಿ ಮಾಮೂಲು. ಹೆಚ್ಚಾಗಿ ಕೇಪಳ (ನರ್ಸರಿಯವರು ಇಕ್ಸೋರಾ ಅಂತಾರೆ), ಇಲ್ಲಾಂದ್ರೆ ಉಡುಪಿ ಮಲ್ಲಿಗೆ. ಮೊದಲ ವರ್ಷ ಚೆನ್ನಾಗಿರುತ್ತೆ. ಎರಡನೇ ವರ್ಷ ಹೊಸ ಎಲೆ ಹಳದಿ ಬರುತ್ತೆ, ಹೂವು ಕಮ್ಮಿ ಆಗುತ್ತೆ. ಮೂರನೇ ವರ್ಷ ಆ ಕುಂಡದಲ್ಲಿ ಕರಿಬೇವು ಇರುತ್ತೆ! ಕಾರಣ ಕೇಳಿದ್ರೆ ಎಲ್ಲರದ್ದೂ ಒಂದೇ ಉತ್ತರ: "ನಮ್ಮ ಬಿಸಿಲು ಅದಕ್ಕೆ ಒಗ್ಗಲ್ಲ." ಈ ಉತ್ತರ ಎಷ್ಟು ಸರಿ ಅಂತ ನೋಡೋಣ.

ಗಾರ್ಡನಿಂಗ್ ಪುಸ್ತಕಗಳಲ್ಲಿ ಇಂಥ ಗಿಡಗಳನ್ನ 'ಟೆಂಡರ್ ಎವರ್‌ಗ್ರೀನ್' ಅಂತಾರೆ. ಸಿವಿಲ್ ಬ್ರಾಂಚಿನವರು ಕರೆಯೋ ಟೆಂಡರ್ ಅಲ್ಲ! ಹಿಮ ಬಿದ್ದರೆ ಸಾಯುವಷ್ಟು ನಾಜೂಕು, ಆದರೆ ವರ್ಷವಿಡೀ ಹಸಿರೆಲೆ ಇರೋ ಪೊದೆಗಿಡ ಅಂತ ಅರ್ಥ. ಚಳಿ ದೇಶಗಳಲ್ಲಿ ಇವು ಬದುಕೋದು ಹೆಚ್ಚಾಗಿ ಸಮುದ್ರದ ಪಕ್ಕ. ಇಂಗ್ಲೆಂಡಿನ ನೈಋತ್ಯ ತುದಿಯ ಟ್ರೆಸ್ಕೋ ದ್ವೀಪದಲ್ಲಿ 1834ರ ನಂತರ ಅಗಸ್ಟಸ್ ಸ್ಮಿತ್ ಎಂಬಾತ ಶುರು ಮಾಡಿದ ತೋಟದಲ್ಲಿ ಇಂಥ ಗಿಡಗಳು ಇಂದಿಗೂ ಹೊರಗೇ ಬೆಳೆಯುತ್ತವೆ. ಕಾರಣ ನಮಗೆ ಗೊತ್ತಿರೋದೇ. ಒಂದು ಗ್ರಾಂ ನೀರನ್ನ ಒಂದು ಡಿಗ್ರಿ ಬಿಸಿ ಮಾಡೋಕೆ 4.18 ಜೂಲ್ ಬೇಕು, ಒಣ ಮಣ್ಣಿಗೆ ಸುಮಾರು 0.8 ಸಾಕು. ಹಾಗಾಗಿ ಸಮುದ್ರ ದೊಡ್ಡ ಕೆಪಾಸಿಟರ್ ಥರ. ತಾಪಮಾನದ ಏರಿಳಿತವನ್ನ ಸ್ಮೂತ್ ಮಾಡುತ್ತೆ.

ಆದರೆ ನಂಜನಗೂಡಿನಲ್ಲಿ ಹಿಮ ಎಲ್ಲಿ ಬೀಳುತ್ತೆ? ಸಮುದ್ರದಿಂದ ದೂರ, ಸುಮಾರು 650 ಮೀಟರ್ ಎತ್ತರದಲ್ಲಿದ್ದರೂ ಇಲ್ಲಿನ ಚಳಿ ಕೇಪಳವನ್ನ ಕೊಲ್ಲುವಂಥದ್ದಲ್ಲ. ಬಿಸಿಲು ಅಂತೀರಾ? ಏಪ್ರಿಲ್ ತಿಂಗಳ ಮಧ್ಯಾಹ್ನ ಮಂಗಳೂರೂ ಹೆಚ್ಚು ಕಮ್ಮಿ ಇಷ್ಟೇ ಕಾಯುತ್ತೆ. ವ್ಯತ್ಯಾಸ ಇರೋದು ಗಾಳಿಯ ತೇವಾಂಶದಲ್ಲಿ. ಎವರ್‌ಗ್ರೀನ್ ಗಿಡ ಬೇಸಿಗೇಲಿ ಎಲೆ ಉದುರಿಸಿ ನೀರು ಉಳಿಸಲ್ಲ. ಫೆಬ್ರವರಿಯಿಂದ ಮೇವರೆಗೆ ನಮ್ಮ ಒಣಗಾಳಿ ಎಲೆಯಿಂದ ನೀರನ್ನ ಎಳೀತಾನೇ ಇರುತ್ತೆ. ಇದು ನಿಜವಾದ ತೊಂದರೆ. ಆದರೆ ನೀರಿನ ಕೊರತೆ ಆದ್ರೆ ಎಲೆ ಬಾಡುತ್ತೆ, ಅಂಚು ಸುಡುತ್ತೆ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯೋದು ಬೇರೆ ರೋಗ. ಅದು ಕಬ್ಬಿಣದ ಕೊರತೆ.

ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಅಷ್ಟು ನೀರು ಸಾವಿರಾರು ವರ್ಷ ಹರಿದು ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ತೊಳೆದುಹೋಗಿದೆ. ಉಳಿದಿರೋದು ಕಬ್ಬಿಣ, ಅಲ್ಯುಮಿನಿಯಂ ತುಂಬಿದ, ಹುಳಿ ಗುಣದ ಮುರಕಲ್ಲು ಮಣ್ಣು. ಕೇಪಳ ಬೆಳೆದದ್ದು ಅದರಲ್ಲಿ. ಶಂಕರಪುರದ ಮನೆಯಂಗಳಗಳಲ್ಲಿ ಬೆಳೆದು ಜಿಐ ಟ್ಯಾಗ್ ಪಡೆದ ಉಡುಪಿ ಮಲ್ಲಿಗೆಯದೂ ಅದೇ ಮಣ್ಣು. ನಮ್ಮಲ್ಲಿ ಮಳೆ 700 ಮಿ.ಮೀ. ಆಸುಪಾಸು. ಸುಣ್ಣದ ಅಂಶ ಮಣ್ಣಲ್ಲೇ ಉಳಿಯುತ್ತೆ, ಕಪ್ಪು ಮಣ್ಣಿನ ಕಡೆ ಇನ್ನೂ ಜಾಸ್ತಿ. ನಂಜನಗೂಡು ರಸಬಾಳೆಗೆ ಆ ರುಚಿ ಬರೋದೇ ಇಲ್ಲಿನ ಮಣ್ಣಿಂದ ಅಂತ ಊರವರು ಹೆಮ್ಮೆಯಿಂದ ಹೇಳ್ತಾರೆ. ಆದರೆ ಬಾಳೆಗೆ ಒಗ್ಗಿದ್ದು ಕೇಪಳಕ್ಕೂ ಒಗ್ಗಬೇಕು ಅಂತೇನಿಲ್ಲ.

"ನಮ್ಮ ಮಣ್ಣೂ ಕೆಂಪೇ ಅಲ್ವಾ, ಕಬ್ಬಿಣ ಇಲ್ವಾ?" ಅಂತ ಕೇಳಬಹುದು. ಇದೆ, ಆದರೆ ಬೇರಿಗೆ ಸಿಗಲ್ಲ. ಪಿಎಚ್ ಏರಿದಂತೆ ಕಬ್ಬಿಣ ಫೆರಿಕ್ ಹೈಡ್ರಾಕ್ಸೈಡ್ ಆಗಿ ಗಟ್ಟಿಯಾಗುತ್ತೆ, ಅಂದ್ರೆ ತುಕ್ಕು. ಒಂದು ಕಬ್ಬಿಣಕ್ಕೆ ಮೂರು ಹೈಡ್ರಾಕ್ಸೈಡ್ ಸೇರೋದರಿಂದ, ಪಿಎಚ್ ಒಂದು ಏರಿದರೆ ನೀರಲ್ಲಿ ಕರಗಿರೋ ಫೆರಿಕ್ ಕಬ್ಬಿಣ 10ರ ಘಾತ 3, ಅಂದ್ರೆ 1000 ಪಟ್ಟು ಇಳಿಯುತ್ತೆ. 6ರಿಂದ 8ಕ್ಕೆ ಹೋದ್ರೆ ಹತ್ತು ಲಕ್ಷ ಪಟ್ಟು!

ಇದನ್ನ ನಾವೇ ಇನ್ನೂ ಕೆಡಿಸ್ತೀವಿ. ಬೋರ್‌ವೆಲ್ ನೀರಲ್ಲಿ ಬೈಕಾರ್ಬೊನೇಟ್ ಇರುತ್ತೆ. ಗೀಸರ್ ಕಾಯಿಲ್ ಮೇಲೆ ಕೂರೋ ಬಿಳಿ ಪದರ ಅದರದ್ದೇ. ದಿನಾ ಅದೇ ನೀರು ಹಾಕಿದ್ರೆ ಕುಂಡದ ಪಿಎಚ್ ನಿಧಾನಕ್ಕೆ ಏರುತ್ತೆ. ಮೊದಲ ವರ್ಷ ಗಿಡ ಚೆನ್ನಾಗಿದ್ದು ಎರಡನೇ ವರ್ಷ ಕೆಡೋದು ಇದಕ್ಕೇ, ಊರಿಂದ ಬೇರಿನ ಜೊತೆ ಬಂದ ಮಣ್ಣಿನ ಹುಳಿ ಅಷ್ಟರಲ್ಲಿ ಮುಗಿದಿರುತ್ತೆ. ಹೊಸ ಮನೆ ಕಟ್ಟಿದವರು ಕಾಂಪೌಂಡ್ ಪಕ್ಕ ನೆಟ್ಟರಂತೂ ಅಲ್ಲಿ ಹೂತಿರೋ ಸಿಮೆಂಟ್ ಚೂರೆಲ್ಲ ಕ್ಷಾರವೇ. ಅದರ ಮೇಲೆ ಯಾರೋ ಹೇಳಿದ್ರು ಅಂತ ಮೊಟ್ಟೆ ಸಿಪ್ಪೆ, ಒಲೆ ಬೂದಿ ಬೇರೆ ಹಾಕ್ತಾರೆ. ಬೇರೆ ಗಿಡಕ್ಕೆ ಅದು ಗೊಬ್ಬರ ಆಗಬಹುದು, ಕೇಪಳಕ್ಕೆ ಅದೇ ವಿಷ.

ನಮ್ಮ ಚಿಕ್ಕಮ್ಮ ಕುಂದಾಪುರದ ಕಡೆಯವರು, ಮದುವೆಯಾಗಿ ಬಂದದ್ದು ತಿ. ನರಸೀಪುರಕ್ಕೆ. ತವರಿನಿಂದ ತಂದ ಕೇಪಳ ಎರಡು ಸಲ ಹೋಯ್ತು. ಅಕ್ಕಪಕ್ಕದವರು "ನಿಮ್ಮ ಕೈಗುಣ ಸರಿಯಿಲ್ಲ" ಅಂದುಬಿಟ್ರು. ತಮಾಷೆಗೇ ಅಂದಿದ್ದು, ಆದರೆ ಅವರು ಆಮೇಲೆ ಗಿಡ ತರೋದನ್ನೇ ಬಿಟ್ಟರು. ಕೈಗುಣ ಅಂತ ನಾವು ಅನ್ನೋದು ಎಷ್ಟೋ ಸಲ ನೀರಿನ ಗುಣ.

ಹಾಗಾದ್ರೆ ಏನು ಮಾಡಬೇಕು?

ಮೊದಲು ರೋಗ ಗುರುತಿಸಿ. ಹಳೇ ಎಲೆ ಮೊದಲು ಹಳದಿಯಾದ್ರೆ ಸಾಮಾನ್ಯವಾಗಿ ಸಾರಜನಕದ ಕೊರತೆ, ಗೊಬ್ಬರ ಸಾಕು. ಹೊಸ ಎಲೆ ಮೊದಲು ಹಳದಿಯಾಗಿ ನರ ಹಸಿರಾಗಿದ್ರೆ ಕಬ್ಬಿಣ. ಸಾರಜನಕವನ್ನ ಗಿಡ ಹಳೇ ಎಲೆಯಿಂದ ತೆಗೆದು ಹೊಸದಕ್ಕೆ ಕಳಿಸುತ್ತೆ, ಕಬ್ಬಿಣವನ್ನ ಹಾಗೆ ಕಳಿಸೋಕೆ ಅದಕ್ಕೆ ಆಗಲ್ಲ.

ಎರಡನೇದು, ಮಣ್ಣು ನೋಡಿ. ಒಂದು ಚಮಚ ಒಣ ಮಣ್ಣಿಗೆ ವಿನೆಗರ್ ಹಾಕಿ. ಬುರುಬುರು ನೊರೆ ಬಂದ್ರೆ ಸುಣ್ಣ ಇದೆ. ಆಗ ನೆಲದಲ್ಲಿ ನೆಡಬೇಡಿ. ತಳದಲ್ಲಿ ತೂತಿರೋ ದೊಡ್ಡ ಕುಂಡದಲ್ಲಿ ಕೆಮ್ಮಣ್ಣು, ತೊಳೆದ ತೆಂಗಿನ ನಾರಿನ ಪುಡಿ, ಎಲೆಗೊಬ್ಬರ ಸಮ ಸಮ ಹಾಕಿ ನೆಡಿ.

ಮೂರನೇದು, ಆದಷ್ಟು ಮಳೆ ನೀರು ಕೊಡಿ. ತಾರಸಿಯಿಂದ ಬೀಳೋ ನೀರನ್ನ ಒಂದು ಡ್ರಮ್ಮಲ್ಲಿ ಹಿಡಿದ್ರೂ ಎರಡು ಮೂರು ಕುಂಡಕ್ಕೆ ಎಷ್ಟೋ ದಿನ ಆಗುತ್ತೆ.

ನಾಲ್ಕನೇದು, ಈಗಾಗಲೇ ಹಳದಿಯಾಗಿದ್ರೆ ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆ್ಯಸಿಡ್ ಬೆರೆಸಿ, ಆಗಿಂದಾಗ್ಗೆ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹತ್ತು ಹದಿನೈದು ದಿನಕ್ಕೊಮ್ಮೆ, ಎರಡು ಮೂರು ಸಲ. ಟೈಲ್ಸ್ ಮೇಲೆ ಬಿದ್ರೆ ತುಕ್ಕಿನ ಕಲೆ ಆಗುತ್ತೆ, ಹುಷಾರು! ಇದು ತಾತ್ಕಾಲಿಕ ಉಪಾಯ ಅಷ್ಟೇ, ಮಣ್ಣು ನೀರು ಸರಿ ಮಾಡದಿದ್ರೆ ಮತ್ತೆ ಹಳದಿ ಆಗುತ್ತೆ.

ಕೊನೇದು ಜಾಗ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ ಮೇಲೆ ನೆರಳಾಗೋ ಕಡೆ ಇಡಿ, ಬುಡಕ್ಕೆ ಒಣ ಎಲೆ ಹೊದಿಸಿ. ಲಂಡನ್ನಿನ ಯೂಟ್ಯೂಬರ್ "ಫುಲ್ ಸನ್" ಅಂದ್ರೆ ಅದು ಅವರ ಸೂರ್ಯನಿಗೆ, ನಮ್ಮ ಸೂರ್ಯನಿಗಲ್ಲ.

ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಲ್ಲಿ ಇಡಿಟಿಎ ಟೈಟ್ರೇಶನ್ ಮಾಡಿ ನೀರಿನ ಗಡಸುತನ ಕಂಡುಹಿಡಿದು, ರೆಕಾರ್ಡ್ ಬರೆದು ಮರೆತುಬಿಟ್ವಲ್ಲ, ಆ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತೆ. ಮುಂದಿನ ಸಲ ಊರಿಗೆ ಹೋದಾಗ ಒಂದು ಬಾಟಲಿ ಬೋರ್ ನೀರು ತನ್ನಿ, ಲ್ಯಾಬಲ್ಲಿ ಕೇಳಿ ಗಡಸುತನ, ಪಿಎಚ್ ಎರಡೂ ನೋಡಿ. ಅಮ್ಮನ ಕೈಗುಣದ ಬಗ್ಗೆ ಯಾರಾದ್ರೂ ಮಾತಾಡಿದ್ರೆ ತೋರಿಸೋಕೆ ಕೈಯಲ್ಲಿ ರೀಡಿಂಗ್ ಇರುತ್ತೆ.