ಓರೆ ಬೆನ್ನು: ದಿನದ ನೋವು, ದಾರಿಯ ನೋವು

ಬೆನ್ನುಮೂಳೆಯನ್ನು ಹಿಂದಿನಿಂದ ನೋಡಿದರೆ ಕತ್ತಿನಿಂದ ಸೊಂಟದವರೆಗೆ ನೇರವಾಗಿ ಕಾಣಬೇಕು. ಅದು ಪಕ್ಕಕ್ಕೆ ವಾಲಿದ್ದು, ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ ಆ ಬಾಗು 10 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿದ್ದರೆ ವೈದ್ಯರು ಅದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ಅಮೆರಿಕದ ಮೂಳೆವೈದ್ಯ ಜಾನ್ ಕಾಬ್ 1948ರಲ್ಲಿ ವಿವರಿಸಿದ ಕ್ರಮದಲ್ಲೇ ಇಂದಿಗೂ ಈ ಕೋನವನ್ನು ಅಳೆಯುತ್ತಾರೆ. ಹದಿಹರೆಯದ ನೂರು ಮಕ್ಕಳಲ್ಲಿ ಎರಡು ಮೂರು ಮಂದಿಗೆ ಇದು ಇರುತ್ತದೆ. ಬಾಗು ಹೆಚ್ಚುತ್ತಾ ಹೋಗುವುದು ಹೆಣ್ಣುಮಕ್ಕಳಲ್ಲೇ ಜಾಸ್ತಿ. ಬಹುಪಾಲು ಮಂದಿಯಲ್ಲಿ ಇಂಥದ್ದೇ ಕಾರಣ ಎಂದು ಬೊಟ್ಟು ಮಾಡಲು ಆಗುವುದಿಲ್ಲ. ಶಾಲೆಯ ಚೀಲವನ್ನು ಒಂದೇ ಹೆಗಲಿಗೆ ಹಾಕಿಕೊಂಡದ್ದರಿಂದ, ಸೊಟ್ಟಗೆ ಕೂತು ಓದಿದ್ದರಿಂದ, ತಾಯಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದದ್ದರಿಂದ ಇದು ಬರುವುದಿಲ್ಲ. ಯಾವ ತಾಯಿಯೂ ತನ್ನ ಮೇಲೆ ತಪ್ಪು ಹೊರಿಸಿಕೊಳ್ಳಬೇಕಾಗಿಲ್ಲ.

ಬೆಳೆಯುವ ಮಕ್ಕಳಿಗೆ ಬಾಗು ಹೆಚ್ಚದಂತೆ ತಡೆಯಲು ಬೆನ್ನುಪಟ್ಟಿ, ಅಂದರೆ ಬ್ರೇಸ್ ಇದೆ. 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಬ್ರೇಸ್ ಹಾಕಿಕೊಂಡ ನೂರರಲ್ಲಿ 72 ಮಕ್ಕಳಿಗೆ ಶಸ್ತ್ರಚಿಕಿತ್ಸೆಯ ಹಂತಕ್ಕೆ ಹೋಗುವುದು ತಪ್ಪಿತು. ಹಾಕಿಕೊಳ್ಳದವರಲ್ಲಿ ಹಾಗೆ ತಪ್ಪಿದ್ದು 48 ಮಂದಿಗೆ ಮಾತ್ರ. ಕೋನ 45–50 ಡಿಗ್ರಿ ದಾಟಿದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಇವೆರಡೂ ತಜ್ಞರು ತೀರ್ಮಾನಿಸುವ ವಿಷಯ. ಈ ಅಧ್ಯಾಯ ಇರುವುದು ಓರೆ ಬೆನ್ನಿನೊಂದಿಗೇ ದಿನ ಕಳೆಯುವ ದೊಡ್ಡವರಿಗಾಗಿ.

ಬಾಗಷ್ಟೇ ಅಲ್ಲ, ತಿರುಚು

ಹೆಚ್ಚಿನವರು ಎಡವುವುದು ಇಲ್ಲೇ. ಬೆನ್ನು ಪಕ್ಕಕ್ಕೆ ಬಾಗಿದೆ, ಹಾಗಾದರೆ ಆಚೆ ಕಡೆಗೆ ಒತ್ತಿದರೆ ನೇರವಾಗಬೇಕಲ್ಲ ಎಂದು ಕೇಳುತ್ತಾರೆ. ಈ ನಂಬಿಕೆಯಿಂದಲೇ ಎಷ್ಟೋ ಮಂದಿ ನಾಟಿ ಮೂಳೆ ಕಟ್ಟುವವರ ಬಳಿ ಹೋಗಿ ಬೆನ್ನು ತುಳಿಸಿಕೊಳ್ಳುತ್ತಾರೆ. ಆದರೆ ಸ್ಕೋಲಿಯೋಸಿಸ್‌ನಲ್ಲಿ ಬೆನ್ನಿನ ಮಣಿಗಳು ಪಕ್ಕಕ್ಕೆ ಸರಿಯುವುದರ ಜೊತೆಗೆ ಸುತ್ತುಮೆಟ್ಟಿಲಿನ ಹಾಗೆ ಒಂದರ ಮೇಲೊಂದು ತಿರುಗಿಯೂ ಇರುತ್ತವೆ. ಮಣಿಯೊಂದಿಗೆ ಪಕ್ಕೆಲುಬೂ ತಿರುಗುವುದರಿಂದ ಒಂದು ಕಡೆಯ ಬೆನ್ನು ಉಬ್ಬುತ್ತದೆ, ಇನ್ನೊಂದು ಕಡೆ ತಗ್ಗು ಬೀಳುತ್ತದೆ. ಕಾಲು ಜೋಡಿಸಿ, ಮಂಡಿ ಮಡಿಸದೆ, ಕೈ ಇಳಿಬಿಟ್ಟು ಮುಂದಕ್ಕೆ ಬಗ್ಗಿದಾಗ ಈ ಉಬ್ಬು ಬರಿಗಣ್ಣಿಗೇ ಕಾಣುತ್ತದೆ. ಇಂಗ್ಲೆಂಡಿನ ವಿಲಿಯಂ ಆಡಮ್ಸ್ 1865ರಲ್ಲಿ ಹೇಳಿಕೊಟ್ಟ ಈ ಪರೀಕ್ಷೆಗೆ ಒಂದು ಪೈಸೆಯೂ ಖರ್ಚಿಲ್ಲ. ಯಾವ ಹಳ್ಳಿಯ ಶಾಲೆಯಲ್ಲೂ ಇದನ್ನು ಮಾಡಬಹುದು!

ತಿರುಚಿದ ಮೂಳೆಯನ್ನು ತುಳಿತದಿಂದ, ಎಣ್ಣೆ ನೀವುವುದರಿಂದ ಬಿಡಿಸಲಾಗದು. ಮೆದುವಾಗಿ ನೀವಿದರೆ ಸ್ನಾಯು ಸಡಿಲವಾಗಿ ಹಾಯೆನಿಸುತ್ತದೆ, ಅದು ನಿಜ. ಮೂಳೆ ಮಾತ್ರ ಇದ್ದಲ್ಲೇ ಇರುತ್ತದೆ.

ಕೋನಕ್ಕೂ ನೋವಿಗೂ ಇರುವ ನಂಟು

ಎಕ್ಸ್‌ರೇ ನೋಡಿ ಎದೆಗುಂದುವವರಿಗೆ ಒಂದು ವಿಷಯ ತಿಳಿಸಬೇಕು. ಅಮೆರಿಕದ ಅಯೋವಾದಲ್ಲಿ, ಹದಿಹರೆಯದಲ್ಲಿ ಸ್ಕೋಲಿಯೋಸಿಸ್ ಬಂದು ಚಿಕಿತ್ಸೆಯನ್ನೇ ಪಡೆಯದವರನ್ನು 50 ವರ್ಷಗಳ ಕಾಲ ಗಮನಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 61 ಮಂದಿಗೆ ಬಹುಕಾಲದ ಬೆನ್ನುನೋವು ಇತ್ತು. ಅದೇ ವಯಸ್ಸಿನ ಉಳಿದವರಲ್ಲಿ ನೂರಕ್ಕೆ 35 ಮಂದಿಗೆ. ನೋವು ಹೆಚ್ಚು, ಒಪ್ಪಬೇಕು. ಆದರೆ ನೋವಿದ್ದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅದು ಅಲ್ಪ ಅಥವಾ ಮಧ್ಯಮ ಎಂದರು. ಬಹುಪಾಲು ಮಂದಿ ಕೆಲಸ, ಸಂಸಾರ ಎರಡನ್ನೂ ಎಲ್ಲರಂತೆ ನಡೆಸಿದ್ದರು. ಕೋನ ಇಷ್ಟಿದ್ದರೆ ನೋವು ಇಷ್ಟು ಎಂಬ ನೇರ ಲೆಕ್ಕ ಇಲ್ಲಿ ನಡೆಯುವುದಿಲ್ಲ. 25 ಡಿಗ್ರಿಯವರು ನರಳುವುದುಂಟು, 45 ಡಿಗ್ರಿಯವರು ದಿನವಿಡೀ ಅಂಗಡಿ ನಡೆಸುವುದೂ ಉಂಟು.

ಹಾಗಾದರೆ ನೋವು ಎಲ್ಲಿಂದ ಬರುತ್ತದೆ? ಬಹುಮಟ್ಟಿಗೆ ದಣಿದ ಸ್ನಾಯುವಿನಿಂದ, ಒಂದೇ ಕಡೆ ಒತ್ತಡ ತಿನ್ನುವ ಕೀಲುಗಳಿಂದ. ಸ್ನಾಯು ಬಿಗಿದಾಗ ಅದರೊಳಗಿನ ಸಣ್ಣ ರಕ್ತನಾಳಗಳು ಅದುಮಿಕೊಳ್ಳುತ್ತವೆ, ಸಡಿಲವಾದಾಗ ರಕ್ತ ಹರಿಯುತ್ತದೆ. ನಡೆಯುವವರ ಸ್ನಾಯು ಬಿಗಿದು ಸಡಿಲಾಗುತ್ತಲೇ ಇರುತ್ತದೆ. ಒಂದೇ ಭಂಗಿಯಲ್ಲಿ ಕೂತವರ ಸ್ನಾಯು ಬಿಗಿದೇ ಇರುತ್ತದೆ. ಓರೆ ಬೆನ್ನಿನಲ್ಲಿ ಮೈಭಾರವನ್ನು ನೆಟ್ಟಗೆ ಹಿಡಿಯಲು ಒಂದು ಪಕ್ಕದ ಸ್ನಾಯುಗಳು ಇನ್ನೊಂದು ಪಕ್ಕದವುಗಳಿಗಿಂತ ಹೆಚ್ಚು ದುಡಿಯುತ್ತವೆ. ಅವಕ್ಕೆ ಬಿಡುವು ಸಿಗದಿದ್ದರೆ ಸಂಜೆಯ ಹೊತ್ತಿಗೆ ಉರಿ, ಸೆಳೆತ ಶುರುವಾಗುತ್ತದೆ. ಆದ್ದರಿಂದ ಓರೆ ಬೆನ್ನಿಗೆ ಸರಿಯಾದ ಭಂಗಿ ಯಾವುದು ಎಂಬ ಪ್ರಶ್ನೆಗೆ ಒಂದೇ ಉತ್ತರ: ಯಾವ ಭಂಗಿಯಲ್ಲೂ ಬಹಳ ಹೊತ್ತು ಇರಬೇಡಿ. ಅರ್ಧ ಗಂಟೆಗೊಮ್ಮೆ ಬದಲಿಸಿ. ಆಂಧ್ರದ ಗಡಿಸೀಮೆಯಲ್ಲಿ, ಹಿಂದೂಪುರದ ಕಡೆ ಗುಣಿಮಗ್ಗದಲ್ಲಿ ಕೂರುವ ನೇಕಾರರಿಗೂ, ಕಲ್ಯಾಣದುರ್ಗದ ಹೊಲಗಳಲ್ಲಿ ಬಗ್ಗಿ ಕಡ್ಲೆಕಾಯಿ ಗಿಡ ಕೀಳುವವರಿಗೂ ಈ ಮಾತು ಅನ್ವಯಿಸುತ್ತದೆ.

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ

ಪ್ರಯಾಣದಲ್ಲಿ ನೋವು ಹೆಚ್ಚುವುದಕ್ಕೆ ಕೂತಿರುವುದೊಂದೇ ಕಾರಣವಲ್ಲ. ಕೂತ ಮನುಷ್ಯನ ಮುಂಡವು ಸೆಕೆಂಡಿಗೆ ಸುಮಾರು 4ರಿಂದ 6 ಬಾರಿ ಮೇಲೆ ಕೆಳಗೆ ಅಲುಗುವ ಕುಲುಕಾಟಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಸ್ಪಂದಿಸುತ್ತದೆ. ಆ ವೇಗದ ಕುಲುಕಾಟದಲ್ಲಿ ಬೆನ್ನು ಸೀಟಿಗಿಂತಲೂ ಹೆಚ್ಚು ಅಲುಗುತ್ತದೆ. ಬಸ್ಸು, ಲಾರಿ, ಟ್ರ್ಯಾಕ್ಟರ್‌ಗಳ ಕುಲುಕಾಟ ಈ ಸುಮಾರಿನಲ್ಲೇ ಇರುತ್ತದೆ. ಎಂಥ ವಿಚಿತ್ರ ಕಾಕತಾಳೀಯ! ಪ್ರತಿ ಕುಲುಕಿಗೂ ಸ್ನಾಯು ಬಿಗಿದು ತಡೆಯಲು ಹೆಣಗಿ, ಊರು ತಲುಪುವಷ್ಟರಲ್ಲಿ ಸೋತಿರುತ್ತದೆ.

ಹಿಂದೂಪುರದಿಂದ ಬೆಂಗಳೂರಿಗೆ ರೈಲಿದೆ. ರೈಲಿನಲ್ಲಿ ಎದ್ದು ಓಡಾಡಬಹುದು, ಜಾಗವಿದ್ದರೆ ಒರಗಬಹುದು. ಓರೆ ಬೆನ್ನಿನವರಿಗೆ ರೈಲೇ ಮೇಲು. ಆದರೆ ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಪಾವಗಡದ ಮೇಲೆ ಹೋಗುವವರಿಗೆ ಬಸ್ಸೇ ಗತಿ. ಆ ದಾರಿಯಲ್ಲಿ ಹೀಗೆ ಮಾಡಿ.

ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಸೀಟು ಹಿಡಿಯಿರಿ. ಹಿಂದಿನ ಗಾಲಿಯ ಮೇಲಿನ ಸೀಟಿನಲ್ಲೂ ಕೊನೆಯ ಸಾಲಿನಲ್ಲೂ ಎತ್ತೊಗೆತ ಹೆಚ್ಚು. ಬಸ್ಸಿನ ನಡುಹಾದಿಯ ಬದಿಯಲ್ಲಿ ಕೂತರೆ ಕಾಲು ಚಾಚಬಹುದು, ಎದ್ದು ನಿಲ್ಲಬಹುದು. ಟವೆಲನ್ನು ಸುರುಳಿ ಸುತ್ತಿ ಸೊಂಟದ ಹಿಂದೆ ಇಡಿ. ಬೆನ್ನಿನ ತಗ್ಗು ಬಿದ್ದ ಕಡೆ ಇನ್ನೊಂದು ತೆಳು ಮಡಿಕೆ ಸೇರಿಸಿ. ಉಬ್ಬಿದ ಕಡೆ ಏನನ್ನೂ ಇಡಬೇಡಿ. ಹಿಂದಿನ ಜೇಬಿನಿಂದ ಪರ್ಸನ್ನು ತೆಗೆಯಿರಿ. ಅದು ಒಂದು ಪೃಷ್ಠವನ್ನು ಎತ್ತರಿಸಿ ಸೊಂಟವನ್ನು ಓರೆ ಮಾಡುತ್ತದೆ. ಪಾವಗಡದಲ್ಲಿ ಬಸ್ಸು ನಿಂತಾಗ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಶೌಚಾಲಯದ ಅನುಕೂಲವಿಲ್ಲವೆಂದು ಹೆಣ್ಣುಮಕ್ಕಳು ದಾರಿಯುದ್ದಕ್ಕೂ ನೀರನ್ನೇ ಕುಡಿಯದೆ ಇರುತ್ತಾರೆ. ಈ ಸೀಮೆಯ ಬಿಸಿಲಿಗೆ ಅದು ಮೈಗೆ ಒಳ್ಳೆಯದಲ್ಲ.

ಬಸ್‌ಸ್ಟ್ಯಾಂಡಿನಿಂದ ಹಳ್ಳಿಗೆ ಹೋಗುವ ಶೇರ್ ಆಟೋದಲ್ಲಿ ಡ್ರೈವರ್ ಪಕ್ಕ ಅರ್ಧ ಕೂತು, ಕಂಬಿ ಹಿಡಿದು ಮೈ ತಿರುಚುವುದು ತಿರುಚಿದ ಬೆನ್ನಿಗೆ ಎಲ್ಲಕ್ಕಿಂತ ಕಷ್ಟ. ಇನ್ನೊಂದು ಆಟೋ ಬರುವವರೆಗೆ ಕಾಯಿರಿ. ಬೈಕಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂರುವುದೂ ಹಾಗೆಯೇ: ಸೊಂಟ ಒಂದು ಕಡೆ, ಹೆಗಲು ಮುಂದಕ್ಕೆ. ಚೂಡಿದಾರ್ ಹಾಕಿದ ದಿನ ಎರಡೂ ಕಡೆ ಕಾಲು ಹಾಕಿ ಕೂರಿ. ಮನೆಯ ಹಿರಿಯರು ಇದಕ್ಕೆ ಅಡ್ಡ ಮಾತನಾಡಬಾರದು.

ಮನೆಯಲ್ಲಿ

ದಣಿದ ಸ್ನಾಯುವಿಗೆ ಶಾಖವೇ ಮದ್ದು. ಬಿಸಿನೀರಿನ ಚೀಲವನ್ನು ಬಟ್ಟೆ ಸುತ್ತಿ 15–20 ನಿಮಿಷ ಇಟ್ಟರೆ ಸಾಕು. ಜೋತುಬಿದ್ದ ನುಲಿಮಂಚ ಬೇಡ. ತೀರಾ ಮೆದುವೂ ತೀರಾ ಗಟ್ಟಿಯೂ ಅಲ್ಲದ ಹಾಸಿಗೆ ಇರಲಿ. ಮಗ್ಗುಲಾಗಿ ಮಲಗಿದಾಗ ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಿ. ದಿನವೂ ನಡೆಯಿರಿ. ಜರ್ಮನಿಯ ಕಟಾರಿನಾ ಶ್ರೋತ್ ಸ್ವತಃ ಓರೆ ಬೆನ್ನಿನವರು. ತಗ್ಗಾದ ಪಕ್ಕೆಗೆ ಉಸಿರು ತುಂಬುವ ವ್ಯಾಯಾಮಗಳನ್ನು ತಮ್ಮ ಮೇಲೇ ಪ್ರಯೋಗಿಸಿಕೊಂಡು 1921ರಿಂದ ಉಳಿದವರಿಗೂ ಕಲಿಸಿದರು. ಈ ಕ್ರಮ ತಿಳಿದ ಫಿಸಿಯೋಥೆರಪಿಸ್ಟ್ ಸಿಕ್ಕರೆ ಅವರ ಎದುರಿಗೇ ಕಲಿಯಿರಿ. ದೊಡ್ಡವರ ಬಾಗು ಇದರಿಂದ ಪೂರ್ತಿ ನೇರವಾಗದಿದ್ದರೂ ನೋವು ಇಳಿಯಬಹುದು.

ಮೆಡಿಕಲ್ ಸ್ಟೋರಿನಿಂದ ತಂದು ದಿನವೂ ನುಂಗುವ ಡೈಕ್ಲೋಫೆನಾಕ್ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲದು, ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು. ನೀರು ಕಡಿಮೆ ಕುಡಿಯುವವರಿಗೆ ಅಪಾಯ ಇನ್ನೂ ಹೆಚ್ಚು. ವೈದ್ಯರನ್ನು ಕೇಳದೆ ಅದನ್ನು ಅಭ್ಯಾಸ ಮಾಡಿಕೊಳ್ಳಬೇಡಿ.

ಎಲ್ಲ ಬೆನ್ನುನೋವೂ ಇದೇ ಅಲ್ಲ

ಈ ಸೀಮೆಯಲ್ಲಿ ಇನ್ನೊಂದು ಎಚ್ಚರ ಬೇಕು. ಅನಂತಪುರದ ಕಡೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಪಕ್ಕದ ಪಾವಗಡದಲ್ಲೂ ಹಾಗೆಯೇ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ನಿಯಮ. ವರ್ಷಾನುಗಟ್ಟಲೆ ಅದಕ್ಕಿಂತ ಬಹಳ ಹೆಚ್ಚು ಫ್ಲೋರೈಡ್ ಒಳಸೇರಿದರೆ ಬೆನ್ನಿನ ತಂತುಗಳು ಗಟ್ಟಿಯಾಗಿ ಬೆನ್ನು ಸೆಟೆಯುತ್ತದೆ. ಅದು ಫ್ಲೋರೋಸಿಸ್, ಅದಕ್ಕೆ ಮೊದಲ ಚಿಕಿತ್ಸೆ ನೀರು ಬದಲಿಸುವುದು. ಜ್ವರ, ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ನೋವು ಇದ್ದರೆ ಬೆನ್ನಿನ ಕ್ಷಯವಿರಬಹುದು. ಕಾಲು ಜೋಮು ಹಿಡಿದು ಬಲ ಕುಂದಿದರೆ, ಮಲಮೂತ್ರ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕೊನೆಯದಾಗಿ ಒಂದು ಬಿನ್ನಹ. ಮಡಕಶಿರಾ, ಅಗಳಿ, ರೊಳ್ಳ, ಅಮರಾಪುರಗಳ ಕನ್ನಡ ಶಾಲೆಗಳ ಮೇಷ್ಟ್ರುಗಳೇ, ಆಶಾ ಕಾರ್ಯಕರ್ತೆಯರೇ, 10ರಿಂದ 14 ವರ್ಷದ ಮಕ್ಕಳನ್ನು ವರ್ಷಕ್ಕೊಮ್ಮೆ ಮುಂದಕ್ಕೆ ಬಗ್ಗಿಸಿ ನೋಡಿ. ಹೆಣ್ಣುಮಕ್ಕಳನ್ನು ಹೆಂಗಸರೇ ನೋಡಲಿ. ಉಬ್ಬು ಕಂಡರೆ ತಾಯ್ತಂದೆಯರಿಗೆ ಹೆದರಿಸದೆ ಹೇಳಿ, ಮೂಳೆವೈದ್ಯರ ಬಳಿಗೆ ಕಳಿಸಿ. ಫಿಸಿಯೋಥೆರಪಿ ಓದುತ್ತಿರುವ ಯುವಕ ಯುವತಿಯರೇ, ನಮ್ಮ ಬಸ್ಸು, ಆಟೋ, ಮಗ್ಗ, ಹೊಲಗಳಲ್ಲಿ ಬೆನ್ನಿಗೆ ಏನಾಗುತ್ತದೆ ಎಂದು ನೀವೇ ಅಳೆದು, ಕನ್ನಡದಲ್ಲಿ ಬರೆಯಿರಿ. ಆ ಕೆಲಸ ಇನ್ನೂ ಬಹಳ ಬಾಕಿಯಿದೆ.