ಶಿರಸಿ: ಒಂದನೇ ಕ್ಲಾಸಿಗೆ ಯಾವ ಸರ್ಕಾರಿ ಶಾಲೆ? ‘ಇಬ್ಬರು ಟೀಚರ್ ಇದ್ದಾರೆ’ ಅಂದರೆ ಸಾಲದು

ಶಿರಸಿ: ಹೊಸ ಶೈಕ್ಷಣಿಕ ವರ್ಷದ ದಾಖಲಾತಿ ಅಂದರೆ ಹಳ್ಳಿಗಳಲ್ಲಿ ಶಿಕ್ಷಕರೇ ಮನೆ ಬಾಗಿಲಿಗೆ ಬಂದು ಮಕ್ಕಳನ್ನು ಕೇಳುವ ಕಾಲ. ಬಿಸಿಯೂಟ, ಹಾಲು, ಪಠ್ಯಪುಸ್ತಕ, ಸಮವಸ್ತ್ರ ಎಲ್ಲ ಸರ್ಕಾರಿ ಶಾಲೆಯಲ್ಲೂ ಒಂದೇ. ಹಾಗಾದರೆ ಊರಿನ ಶಾಲೆ ಬಿಟ್ಟು ಪಕ್ಕದೂರಿನ ಶಾಲೆಗೆ ಯಾಕೆ ಕಳಿಸಬೇಕು, ಅಥವಾ ಯಾಕೆ ಕಳಿಸಬಾರದು?

ಕಿರಿಯ ಪ್ರಾಥಮಿಕ ಶಾಲೆ ಐದನೇ ತರಗತಿಗೆ ಮುಗಿಯುತ್ತದೆ. ಹಿರಿಯ ಪ್ರಾಥಮಿಕದಲ್ಲಿ ಏಳರವರೆಗೆ, ಕೆಲವೆಡೆ ಎಂಟರವರೆಗೆ ಇದೆ. ಕರ್ನಾಟಕ ಪಬ್ಲಿಕ್ ಶಾಲೆಯಾದರೆ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ.

ಎಲ್ಲರೂ ಮೊದಲು ಕೇಳುವುದು ಟೀಚರ್ ಎಷ್ಟು ಜನ ಅಂತ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು ಇರಬೇಕು. ಮಲೆನಾಡಿನಲ್ಲಿ ಈ ಲೆಕ್ಕ ದಾರಿ ತಪ್ಪಿಸುತ್ತದೆ. 14 ಮಕ್ಕಳಿಗೆ ಇಬ್ಬರು ಶಿಕ್ಷಕರು ಅಂದರೆ ತಲಾ ಏಳು ಮಕ್ಕಳು, ಯಾವ ಖಾಸಗಿ ಶಾಲೆಯಲ್ಲೂ ಸಿಗದ ಸೌಲಭ್ಯ ಅನ್ನಿಸುತ್ತದೆ. ಆದರೆ ತರಗತಿ ಐದು. ಒಬ್ಬರು ತರಬೇತಿಗೋ ಮೀಟಿಂಗಿಗೋ ಹೋದ ದಿನ ಐದೂ ತರಗತಿ, ಬಿಸಿಯೂಟದ ಲೆಕ್ಕ, ಫೋನು ಎಲ್ಲ ಇನ್ನೊಬ್ಬರ ತಲೆ ಮೇಲೆ. ಹಾಗಾಗಿ ಕೇಳಬೇಕಾದ್ದು ಕಾಯಂ ಶಿಕ್ಷಕರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು, ಬೇರೆ ಶಾಲೆಗೆ ನಿಯೋಜನೆ ಮೇಲೆ ಹೋದವರು ಇದ್ದಾರಾ ಅಂತ.

ಶಾಲೆ ನೋಡಲು ಹೋದವರು ಇನ್ನೊಂದರಲ್ಲೂ ಎಡವುತ್ತಾರೆ. ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ ಗುಂಪಾಗಿ ಕೂತು, ಕಾರ್ಡ್ ಹಿಡಿದು ಗಲಾಟೆ ಮಾಡುತ್ತಿದ್ದರೆ ‘ಇಲ್ಲಿ ಪಾಠವೇ ಇಲ್ಲ’ ಅಂದುಕೊಳ್ಳಬೇಡಿ. ಅದು ನಲಿಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ. ಮೌನವಾಗಿ ಬೋರ್ಡ್ ನೋಡಿ ಬರೆಯುತ್ತಿರುವ ಕ್ಲಾಸೇ ಒಳ್ಳೆಯದು ಅನ್ನುವುದು ಹಳೇ ಲೆಕ್ಕ. ಎರಡನೇ ತರಗತಿ ಮಗುವಿನ ಕೈಗೆ ಪುಸ್ತಕ ಕೊಟ್ಟು ನಾಲ್ಕು ಸಾಲು ಓದಿಸಿದರೆ ಹೆಚ್ಚು ಗೊತ್ತಾಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಹೈಸ್ಕೂಲಿನದು, ಪ್ರಾಥಮಿಕ ಶಾಲೆ ಅಳೆಯಲು ಬರುವುದಿಲ್ಲ.

ಶೌಚಾಲಯ, ನೀರು, ಕೊಠಡಿ, ಮಕ್ಕಳ ಸಂಖ್ಯೆಯನ್ನು ಮೊಬೈಲಿನಲ್ಲೇ ನೋಡಬಹುದು. ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಕೋಡ್ ಇದೆ, ನಮ್ಮ ರಾಜ್ಯದ್ದು 29ರಿಂದ ಶುರು. ಆದರೆ ಶೌಚಾಲಯ ‘ಇದೆ’ ಎಂದು ದಾಖಲೆಯಲ್ಲಿದ್ದರೂ ಬೀಗ ಹಾಕಿರಬಹುದು. ಹೋಗಿ ನೋಡುವುದೇ ಸರಿ.

ದಾರಿಯನ್ನೂ ನೋಡಿಕೊಳ್ಳಿ, ಬೇಸಿಗೆಯಲ್ಲಿ ಅಲ್ಲ, ಜುಲೈ ಲೆಕ್ಕದಲ್ಲಿ. ಮೇ ತಿಂಗಳಲ್ಲಿ ಹತ್ತು ನಿಮಿಷದ ಹಾದಿ ಹಳ್ಳ ತುಂಬಿದಾಗ ಕಾಲುಸಂಕದ ಮೇಲೆ ದಾಟಬೇಕಾದ್ದು. ಆರು ವರ್ಷದ ಮಗುವಿಗೆ ಎರಡು ಕಿ.ಮೀ. ದೂರದ ದೊಡ್ಡ ಶಾಲೆಗಿಂತ ಊರಿನ ಇಬ್ಬರು ಶಿಕ್ಷಕರ ಶಾಲೆಯೇ ಎಷ್ಟೋ ಕಡೆ ಮೇಲು. ಆರನೇ ತರಗತಿಗೆ ಹೇಗೂ ಬದಲಿಸಲೇಬೇಕು.

ಶಿಕ್ಷಕರ ಹುದ್ದೆ ನಿಲ್ಲುವುದು ಮಕ್ಕಳ ಸಂಖ್ಯೆ ಮೇಲೆ. ನಾಲ್ಕೈದು ಮನೆಯವರು ಒಟ್ಟಿಗೆ ಮಕ್ಕಳನ್ನು ಬಿಡಿಸಿದರೆ ಇದ್ದ ಶಿಕ್ಷಕರು ‘ಹೆಚ್ಚುವರಿ’ ಪಟ್ಟಿಗೆ ಸೇರಿ ಬೇರೆಡೆ ಹೋಗಬಹುದು. ಬಿಡಿಸುವ ಮೊದಲು ಎಸ್‌ಡಿಎಂಸಿ ಸಭೆಯಲ್ಲಿ ಒಮ್ಮೆ ಕೇಳಿ. ಅದರಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ. ಅಷ್ಟಾಗಿಯೂ ಬದಲಿಸುವುದಾದರೆ ಟಿಸಿ ತಡವಾಯಿತೆಂದು ಹೊಸ ಶಾಲೆ ಮಗುವನ್ನು ಹೊರಗಿಡುವಂತಿಲ್ಲ.